ನಿಜಗಾರ, ಸುಳ್ಳುಗಾರ ಮತ್ತು ನಡುವಿನವನು

ರಾಯಚೂರಿನಿಂದ ಹೊರಟ ದಾರಿ ಒಂದೆಡೆ ಕವಲೊಡೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಕವಲು ದೇವದುರ್ಗಕ್ಕೆ, ಇನ್ನೊಂದು ಮಾನ್ವಿಗೆ. ಊರಿನ ಹೆಸರು ಬರೆದ ಕಲ್ಲು ಮಾತ್ರ ಕಾಣೆಯಾಗಿದೆ. ಅಲ್ಲಿ ಕೂತಿರುವವನು ಒಬ್ಬನೇ. ಅವನು ಎಂಥವನೆಂಬುದು ನಿಮಗೆ ತಿಳಿಯದು. ಯಾವಾಗಲೂ ನಿಜ ಹೇಳುವವನಿರಬಹುದು, ಯಾವಾಗಲೂ ಸುಳ್ಳು ಹೇಳುವವನಿರಬಹುದು, ಇಲ್ಲವೇ ಒಂದು ಸಲ ನಿಜ, ಮರುಸಲ ಸುಳ್ಳು ಎಂದು ಸರದಿ ತಪ್ಪದೆ ಬದಲಾಯಿಸುವವನಿರಬಹುದು. ಹೌದು ಅಥವಾ ಅಲ್ಲ ಎಂಬುದರ ಆಚೆಗೆ ಅವನು ತುಟಿ ಬಿಚ್ಚುವುದಿಲ್ಲ. ದೇವದುರ್ಗದ ದಾರಿ ಯಾವುದೆಂದು ಅವನಿಂದ ತಿಳಿಯುವುದು ಹೇಗೆ? ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಈ ಧಾಟಿಯ ಒಗಟು ಹೊಸದಲ್ಲ. ತಾರ್ಕಿಕ ಸಾಮರ್ಥ್ಯ ಎಂಬ ಹಣೆಪಟ್ಟಿಯ ಕೆಳಗೆ ನಾಲ್ಕು ಆಯ್ಕೆಗಳ ಜೊತೆ ಬಂದು, ಒಂದು ಅಂಕ ಕೊಟ್ಟು ಹೋಗುತ್ತದೆ. ಆದರೆ ಈ ಮೂವರಲ್ಲಿ ಮೂರನೆಯವನನ್ನು, ಅನುಕೂಲಕ್ಕೆ ಸರದಿಗಾರ ಎನ್ನೋಣ, ಒಗಟನ್ನು ಇನ್ನಷ್ಟು ಗೋಜಲು ಮಾಡಲು ತಂದು ಕೂರಿಸಿದ ಪಾತ್ರ ಎಂದು ಬಿಟ್ಟುಬಿಡುವುದು ತಪ್ಪು. ನ್ಯಾಯಾಲಯದಲ್ಲಿ, ಚರಿತ್ರೆಯಲ್ಲಿ, ನೆರೆಹೊರೆಯಲ್ಲಿ ನಮಗೆ ನಿಜವಾಗಿ ಎದುರಾಗುವವನು ಅವನೇ. ಉಳಿದಿಬ್ಬರು ಪುಸ್ತಕದಲ್ಲಿ ಮಾತ್ರ ಇರುವವರು.

ಮೊದಲು ಒಗಟನ್ನೇ ಬಿಡಿಸೋಣ. ತಟ್ಟನೆ ಹೊಳೆಯುವ ಪ್ರಶ್ನೆ, 'ನೀವು ನಿಜ ಹೇಳುವವರಾ?' ಎಂಬುದು. ಇದರಷ್ಟು ದಂಡದ ಪ್ರಶ್ನೆ ಬೇರೊಂದಿಲ್ಲ. ನಿಜಗಾರ ಹೌದು ಎನ್ನುತ್ತಾನೆ, ಸುಳ್ಳುಗಾರನೂ ಹೌದು ಎನ್ನುತ್ತಾನೆ. ಸುಳ್ಳಿನ ಸರದಿಯಲ್ಲಿರುವ ಮೂರನೆಯವನೂ ಹೌದು ಎಂದೇ ಅನ್ನುತ್ತಾನೆ. ಅಲ್ಲ ಎನ್ನುವವನು ಒಬ್ಬನೇ, ನಿಜದ ಸರದಿಯಲ್ಲಿರುವ ಸರದಿಗಾರ. ಹಾಗೆಯೇ 'ನಾನು ಸುಳ್ಳುಗಾರ' ಎಂಬ ಮಾತು ನಿಜಗಾರನ ಬಾಯಿಂದ ಬರುವಂತಿಲ್ಲ, ಸುಳ್ಳುಗಾರನ ಬಾಯಿಂದಲೂ ಬರುವಂತಿಲ್ಲ, ಬಂದರೆ ಅದು ನಿಜವಾಗಿಬಿಡುತ್ತದೆ. ಆ ಮಾತು ಕಿವಿಗೆ ಬಿದ್ದರೆ ಎದುರಿಗಿರುವವನು ಸುಳ್ಳಿನ ಸರದಿಯ ಸರದಿಗಾರ, ಅನುಮಾನ ಬೇಡ. ಒಬ್ಬನ ಗುಣವನ್ನು ಅವನನ್ನೇ ಕೇಳಿ ತಿಳಿಯುವ ಹಾದಿ ಬಹುಮಟ್ಟಿಗೆ ಮುಚ್ಚಿದೆ ಎಂದಾಯಿತು. ತೆರೆದಿರುವ ಹಾದಿ ಬೇರೆ: ಉತ್ತರ ನಮಗೆ ಮೊದಲೇ ಗೊತ್ತಿರುವುದನ್ನು ಕೇಳುವುದು. 'ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳಾ?' 'ದಕ್ಷಿಣಕ್ಕೆ ತುಂಗಭದ್ರೆ ಇದ್ದಾಳಾ?' ಎರಡಕ್ಕೂ ಹೌದು ಎಂದರೆ ನಿಜಗಾರ, ಎರಡಕ್ಕೂ ಅಲ್ಲ ಎಂದರೆ ಸುಳ್ಳುಗಾರ. ಒಂದಕ್ಕೆ ಹೌದು, ಒಂದಕ್ಕೆ ಅಲ್ಲ ಎಂದರೆ ಸರದಿಗಾರ. ಯಾವುದನ್ನು ಮೊದಲು ಹೇಳಿದ ಎಂಬುದರಿಂದ ಅವನ ಮುಂದಿನ ಸರದಿ ಯಾವುದೆಂದೂ ತಿಳಿಯುತ್ತದೆ. ಮೂರನೆಯ ಪ್ರಶ್ನೆಯನ್ನು ದೇವದುರ್ಗಕ್ಕೆ ಮೀಸಲಿಡಬಹುದು.

ಒಂದೇ ಪ್ರಶ್ನೆಯಲ್ಲಿ ಮುಗಿಸುವ ಜಾಣತನವೂ ಇದೆ. ಎಡಗಡೆಯ ರಸ್ತೆಯನ್ನು ತೋರಿಸಿ, 'ಇದು ದೇವದುರ್ಗಕ್ಕೆ ಹೋಗುತ್ತದಾ ಅಂತ ಈ ಪ್ರಶ್ನೆಯ ಬದಲಿಗೆ ಈಗಲೇ ಕೇಳಿದ್ದರೆ ಹೌದು ಅನ್ನುತ್ತಿದ್ದಿರಾ?' ಎಂದು ಕೇಳಿ. ನಿಜ ಹೇಳುವ ಸರದಿಯವನು ತನ್ನ ನಿಜವನ್ನು ನಿಜವಾಗಿಯೇ ವರದಿ ಮಾಡುತ್ತಾನೆ. ಸುಳ್ಳಿನ ಸರದಿಯವನು ತಾನು ಹೇಳಬಹುದಾಗಿದ್ದ ಸುಳ್ಳಿನ ಬಗ್ಗೆಯೇ ಸುಳ್ಳು ಹೇಳಬೇಕಾಗಿ ಬಂದು, ಎರಡು ಸುಳ್ಳು ಸೇರಿ ನಿಜ ಹೊರಬೀಳುತ್ತದೆ. ಎಡಗಡೆಯದು ದೇವದುರ್ಗದ ದಾರಿಯಾದರೆ ಮೂವರೂ ಹೌದು ಎನ್ನುತ್ತಾರೆ, ಅಲ್ಲವಾದರೆ ಮೂವರೂ ಅಲ್ಲ ಎನ್ನುತ್ತಾರೆ. ಇಲ್ಲಿ 'ಈಗಲೇ' ಎಂಬ ಒಂದು ಪದ ಎಷ್ಟು ಭಾರ ಹೊತ್ತಿದೆ ನೋಡಿ. ಅದರ ಜಾಗದಲ್ಲಿ 'ಮುಂದಿನ ಪ್ರಶ್ನೆಯಾಗಿ ಕೇಳಿದರೆ' ಎಂದಿಟ್ಟರೆ ನಿಜಗಾರ, ಸುಳ್ಳುಗಾರರ ಉತ್ತರ ಬದಲಾಗುವುದಿಲ್ಲ. ಸರದಿಗಾರನದು ಮಾತ್ರ ತಲೆಕೆಳಗಾಗುತ್ತದೆ, ನೀವು ದೇವದುರ್ಗಕ್ಕೆಂದು ಹೊರಟು ಮಾನ್ವಿ ಸೇರುತ್ತೀರಿ. ಅವನ ವಿಷಯದಲ್ಲಿ ಯಾರು ಹೇಳಿದ ಎಂಬುದಕ್ಕಿಂತ ಯಾವ ಮಾತು, ಎಷ್ಟನೆಯ ಮಾತು ಎಂಬುದೇ ಮುಖ್ಯ.

ಈ ಒಗಟುಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಜೀವ ಕೊಟ್ಟವರು ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮುಲ್ಯನ್. 1978ರಲ್ಲಿ ಬಂದ ಅವರ ಪುಸ್ತಕದಲ್ಲಿ ನಿಜವನ್ನೇ ಹೇಳುವ ವೀರರು, ಸುಳ್ಳನ್ನೇ ಹೇಳುವ ಠಕ್ಕರು ಇರುವ ದ್ವೀಪವಿದೆ. ಮನಸ್ಸಿಗೆ ಬಂದಾಗ ನಿಜ, ಬೇಡವಾದಾಗ ಸುಳ್ಳು ಹೇಳುವ ಸಾಮಾನ್ಯರೂ ಅಲ್ಲಿ ಓಡಾಡುತ್ತಾರೆ. ಸ್ಮುಲ್ಯನ್ನರದೇ ಎಂದು ಹೇಳಿ ಜಾರ್ಜ್ ಬೂಲೋಸ್ 1996ರಲ್ಲಿ ಪ್ರಕಟಿಸಿದ 'ಅತಿ ಕಠಿಣ ತರ್ಕದ ಒಗಟಿ'ನಲ್ಲಿ ಮೂವರು ದೇವತೆಗಳು. ಒಬ್ಬ ಸತ್ಯ, ಒಬ್ಬ ಅಸತ್ಯ, ಮೂರನೆಯವನು ಬಾಯಿಗೆ ಬಂದಂತೆ ಉತ್ತರಿಸುವವನು. ಅದರ ಪರಿಹಾರದ ಮೊದಲ ಹೆಜ್ಜೆ ಸತ್ಯದೇವತೆಯನ್ನು ಹುಡುಕುವುದಲ್ಲ, ಬಾಯಿಗೆ ಬಂದಂತೆ ಮಾತಾಡದ ಒಬ್ಬನನ್ನು ಗುರುತಿಸುವುದು. ತಪ್ಪದೆ ಸುಳ್ಳು ಹೇಳುವವನು ಒಳ್ಳೆಯ ಸಾಕ್ಷಿಯೇ, ಅವನ ಮಾತನ್ನು ತಿರುವಿ ಹಾಕಿದರೆ ಸಾಕು. ಯಾವ ಕ್ರಮವೂ ಇಲ್ಲದವನಿಂದ ಮಾತ್ರ ಏನೂ ಸಿಗದು.

ಇದೆಲ್ಲ ಕಾಗದದ ಮೇಲಿನ ಆಟ ಎನ್ನುವವರು 1957ರ ಒಂದು ತೀರ್ಪನ್ನು ನೋಡಬೇಕು. ವಡಿವೇಲು ತೇವರ್ ವಿರುದ್ಧ ಮದ್ರಾಸ್ ರಾಜ್ಯ ಎಂಬ ಕೊಲೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಮೌಖಿಕ ಸಾಕ್ಷ್ಯವನ್ನು ಮೂರು ವರ್ಗಗಳಾಗಿ ವಿಂಗಡಿಸಿತು: ಪೂರ್ತಿ ನಂಬಬಹುದಾದದ್ದು, ಪೂರ್ತಿ ನಂಬಲಾಗದ್ದು, ಎರಡೂ ಅಲ್ಲದ್ದು. ಮೊದಲೆರಡು ವರ್ಗಗಳಲ್ಲಿ ನ್ಯಾಯಾಧೀಶರ ಕೆಲಸ ಸುಲಭ, ಒಂದನ್ನು ಒಪ್ಪುವುದು, ಇನ್ನೊಂದನ್ನು ತಳ್ಳುವುದು. ಮೂರನೆಯದರಲ್ಲಿ ಎಚ್ಚರ ಬೇಕು, ಬೇರೆ ಕಡೆಯಿಂದ ಪುಷ್ಟಿ ಬೇಕು ಎಂದಿತು ನ್ಯಾಯಾಲಯ. ಆ ಮೊಕದ್ದಮೆಯಲ್ಲಿ ಒಬ್ಬಳೇ ಪ್ರತ್ಯಕ್ಷದರ್ಶಿಯ ಮಾತಿನ ಬಲದ ಮೇಲೆ ಶಿಕ್ಷೆ ಉಳಿಯಿತು, ಏಕೆಂದರೆ ಲೆಕ್ಕಕ್ಕೆ ಬರುವುದು ಸಾಕ್ಷಿಗಳ ಸಂಖ್ಯೆಯಲ್ಲ, ಸಾಕ್ಷ್ಯದ ಗುಣ. ಅದೇ ವರ್ಷ ನಿಸಾರ್ ಅಲಿ ಮೊಕದ್ದಮೆಯಲ್ಲಿ ಇನ್ನೊಂದು ಮಾತೂ ಸ್ಪಷ್ಟವಾಯಿತು: ಒಂದು ವಿಷಯದಲ್ಲಿ ಸುಳ್ಳಾಡಿದವನು ಎಲ್ಲದರಲ್ಲೂ ಸುಳ್ಳುಗಾರ ಎಂಬ ಹಳೆಯ ಲ್ಯಾಟಿನ್ ಸೂತ್ರಕ್ಕೆ ಭಾರತದಲ್ಲಿ ಕಾನೂನಿನ ಬಲವಿಲ್ಲ. ನ್ಯಾಯಾಧೀಶರು ಕಾಳು ಬೇರೆ, ಜೊಳ್ಳು ಬೇರೆ ಮಾಡಬೇಕು. ಭತ್ತದ ಮಿಲ್ಲುಗಳ ರಾಯಚೂರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಆ ಹಳೆಯ ಸೂತ್ರ ಆಳನ್ನು ತೂಗುತ್ತದೆ, ನಮ್ಮ ನ್ಯಾಯಾಲಯಗಳು ಮಾತನ್ನು ತೂಗುತ್ತವೆ. ಸರದಿಗಾರನ ಒಗಟು ಕಲಿಸುವುದೂ ಇದನ್ನೇ ಎಂಬುದು ನನ್ನ ವಾದ. ಅದಕ್ಕೆ ರಾಯಚೂರಿನ ಕೋಟೆಗಿಂತ ಒಳ್ಳೆಯ ಪುರಾವೆ ಬೇಡ.

ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನಿಗೂ ರಾಯಚೂರಿಗಾಗಿ ನಡೆದ ಯುದ್ಧದ ಬಗ್ಗೆ ವಿವರವಾಗಿ ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್. ಅವನು ಯುದ್ಧ ಕಂಡವನಲ್ಲ. ವಿಜಯನಗರದಲ್ಲಿದ್ದು, 1535ರ ಸುಮಾರಿಗೆ, ಕೇಳಿದ್ದನ್ನು ಬರೆದವನು. ಅವನ ಬರಹ ಪ್ಯಾರಿಸ್ಸಿನ ಹಸ್ತಪ್ರತಿಯೊಂದರಲ್ಲಿ ಉಳಿದಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದರು, 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ 'ಎ ಫರ್ಗಾಟನ್ ಎಂಪೈರ್' ಗ್ರಂಥದಲ್ಲಿ ಇಂಗ್ಲಿಷಿಗೆ ತಂದರು. ಇನ್ನೊಬ್ಬ ಸಾಕ್ಷಿ ಫೆರಿಸ್ತಾ. ಬಿಜಾಪುರದ ಆಸ್ಥಾನದಲ್ಲಿ, ಸೋತ ಸುಲ್ತಾನನ ವಂಶದವನೇ ಆದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ, ಯುದ್ಧವಾಗಿ ಎಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬರೆದವನು. ಇವರಿಬ್ಬರೂ ಒಂದೇ ಕಥೆ ಹೇಳುವುದಿಲ್ಲ. ನ್ಯೂನಿಜನ ಪ್ರಕಾರ ಕೋಟೆ ಆದಿಲ್ ಷಾನ ಕೈಯಲ್ಲಿತ್ತು, ರಾಯ ಮುತ್ತಿಗೆ ಹಾಕಿದ. ಫೆರಿಸ್ತಾನ ಪ್ರಕಾರ ಕೋಟೆ ಆಗಲೇ ರಾಯನ ಕೈಸೇರಿತ್ತು, ಸುಲ್ತಾನ ಬಿಡಿಸಿಕೊಳ್ಳಲು ಬಂದ. ನ್ಯೂನಿಜ್ ಕೊಡುವ ವರ್ಷ 1522. ಫೆರಿಸ್ತಾನದು ಹಿಜರಿ 927, ಅಂದರೆ 1520ರ ಡಿಸೆಂಬರಿನಿಂದ 1521ರ ನವೆಂಬರಿನವರೆಗಿನ ಅವಧಿ. ಇನ್ನು ನ್ಯೂನಿಜ್ ಹೇಳುವ ಸೈನ್ಯದ ಲೆಕ್ಕ: 7,03,000 ಕಾಲಾಳು, 32,600 ಕುದುರೆ, 551 ಆನೆ. ಮೇ ತಿಂಗಳ ಬಿಸಿಲಿನಲ್ಲಿ ಏಳು ಲಕ್ಷ ಜನರಿಗೆ ರಾಯಚೂರಿನ ನೆಲದಲ್ಲಿ ಕುಡಿಯುವ ನೀರು ಎಲ್ಲಿಂದ ಬಂತು ಎಂದು ಯೋಚಿಸಿದರೆ ಸಾಕು, ಆ ಸಂಖ್ಯೆ ಗಂಟಲಲ್ಲಿ ಇಳಿಯುವುದಿಲ್ಲ.

ಆಳನ್ನು ತೂಗುವವನು ಇಷ್ಟಕ್ಕೇ ನ್ಯೂನಿಜನ ಪುಸ್ತಕ ಮುಚ್ಚಿಡುತ್ತಾನೆ. ಸೈನ್ಯದ ಲೆಕ್ಕದಲ್ಲಿ ಬುರುಡೆ ಬಿಟ್ಟವನು, ವರ್ಷವನ್ನೇ ನೆಟ್ಟಗೆ ಹೇಳದವನು, ಮಿಕ್ಕದ್ದರಲ್ಲಿ ಏನು ಹೇಳಿಯಾನು? ಸಿವೆಲ್ ಹಾಗೆ ಮಾಡಲಿಲ್ಲ. ನ್ಯೂನಿಜ್ ವರ್ಷದ ಜೊತೆಗೆ ಇನ್ನೆರಡು ವಿವರ ಕೊಟ್ಟಿದ್ದ: ಮೇ ತಿಂಗಳ ಹೊಸ ಚಂದ್ರನ ದಿನ, ಶನಿವಾರ. ಶುಕ್ರವಾರ ಒಳ್ಳೆಯದಲ್ಲ, ಶನಿವಾರದವರೆಗೆ ತಡೆಯಬೇಕು ಎಂದು ರಾಯನಿಗೆ ಹೇಳಿದರಂತೆ ಎಂಬ ಮಾತೂ ಅವನ ಕಥನದಲ್ಲಿದೆ. ಚಂದ್ರ ಯಾವ ಅರಮನೆಯ ಆಶ್ರಯದಲ್ಲೂ ಇಲ್ಲ. 1522ರ ಮೇ ತಿಂಗಳಲ್ಲಿ ಅಮಾವಾಸ್ಯೆ ಬಿದ್ದದ್ದು 25ರ ಭಾನುವಾರ. ಹಿಂದಿನ ದಿನ ಶನಿವಾರವೇನೋ ಹೌದು, ಆದರೆ ಅಂದು ಹೊಸ ಚಂದ್ರ ಹುಟ್ಟಿರಲಿಲ್ಲ. 1520ರಲ್ಲಿ ಅಮಾವಾಸ್ಯೆ ಮೇ 17ರ ಗುರುವಾರ. ಎರಡು ದಿನ ಕಳೆದು 19ರ ಶನಿವಾರ. ಈ ಶನಿವಾರ ಹೊಸ ಚಂದ್ರನ ದಿನ ಎನ್ನಲು ಇನ್ನೊಂದು ಆಧಾರವೂ ಇದೆ. ಹಿಜರಿ ಪಂಚಾಂಗದ ಗಣಿತದಲ್ಲಿ ಅಂದು 926ನೆಯ ವರ್ಷದ ಜಮಾದಿ-ಉಲ್-ಆಖಿರ್ ತಿಂಗಳ ಮೊದಲ ದಿನ. ವಾರವೂ ಕೂಡಿತು, ಚಂದ್ರನೂ ಕೂಡಿದ. ವರ್ಷ ಮಾತ್ರ ಎರಡು ಜಾಸ್ತಿಯಾಗಿತ್ತು. ಅಷ್ಟೇ ಅಲ್ಲ, ಇದೇ ಲೆಕ್ಕದಿಂದ ಫೆರಿಸ್ತಾನ ವರ್ಷವೂ ಒಂದು ಮುಂದಕ್ಕೆ ಜಾರಿದ್ದು ಬಯಲಾಗುತ್ತದೆ.

ಇಲ್ಲಿ ಯಾರಾದರೂ ತಡೆದು ಕೇಳಬಹುದು: ಅಮಾವಾಸ್ಯೆಯ ಮುನ್ನಾದಿನ ಶನಿವಾರವನ್ನೂ ಜನ ಕತ್ತಲ ದಿನ ಎಂದೇ ನೆನಪಿಟ್ಟಿರಬಹುದಲ್ಲ, ಎರಡು ದಿನ ಆಚೆಯದನ್ನು ಒಪ್ಪುವ ನೀವು ಒಂದು ದಿನ ಈಚೆಯದನ್ನು ಏಕೆ ಒಪ್ಪುವುದಿಲ್ಲ? ಆಕ್ಷೇಪ ಗಟ್ಟಿಯಾಗಿದೆ. ಚಂದ್ರನೊಬ್ಬನ ಮೇಲೆಯೇ ತೀರ್ಪು ಕೊಡುವಂತಿಲ್ಲ. ಪುಷ್ಟಿ ಸಿಗುವುದು ಗೋವೆಯಿಂದ. ರಾಯನೂ ಆದಿಲ್ ಷಾನೂ ಕಾದಾಡುತ್ತಿದ್ದಾಗ ಗೋವೆಯ ಕ್ಯಾಪ್ಟನ್ ರುಯಿ ಡಿ ಮೆಲೊ ಎದುರು ದಡದ ಭೂಮಿಯನ್ನು ಹಿಡಿದುಕೊಂಡ. ಆಗ ಗವರ್ನರ್ ಡಿಯೋಗೊ ಲೋಪೆಸ್ ಡಿ ಸಿಕ್ವೇರಾ ನೌಕಾಪಡೆಯೊಡನೆ ಕೆಂಪು ಸಮುದ್ರದ ಕಡೆ ಹೋಗಿದ್ದ ಎನ್ನುತ್ತಾರೆ ಪೋರ್ಚುಗೀಸ್ ಚರಿತ್ರೆಕಾರರು. ಸಿಕ್ವೇರಾನ ಆ ಯಾತ್ರೆ 1520ರದ್ದು. 1522ರ ಮೇ ಬರುವ ಹೊತ್ತಿಗೆ ಅವನು ಗವರ್ನರನೇ ಆಗಿರಲಿಲ್ಲ, ದುವಾರ್ತೆ ಡಿ ಮೆನೆಜೆಸ್ ಆ ಪಟ್ಟದಲ್ಲಿ ಕೂತಿದ್ದ. ಕೋಟೆಯ ಕಾಳಗಕ್ಕೂ ಹಡಗಿನ ಯಾತ್ರೆಗೂ ಸಂಬಂಧ ಕಟ್ಟಿ ಸುಳ್ಳು ಹೆಣೆಯುವ ದರ್ದು ಯಾರಿಗೂ ಇರಲಿಲ್ಲ. ಎರಡು ಬೇರೆ ಬೇರೆ ಬಗೆಯ ಸಾಕ್ಷ್ಯಗಳು ಒಂದೇ ವರ್ಷದತ್ತ ಬೆರಳು ತೋರಿದವು. 1520ರ ಮೇ 19 ಎಂಬ ದಿನಾಂಕ ಇಂದು ಇತಿಹಾಸದ ಪುಸ್ತಕಗಳಲ್ಲಿ ನಿಂತಿರುವುದು ಹೀಗೆ. ಸಿವೆಲ್ ಮಾಡಿದ್ದು ಕವಲುದಾರಿಯಲ್ಲಿ ನಾವು ಮಾಡಿದ್ದನ್ನೇ, ಉತ್ತರ ಬೇರೆ ಕಡೆಯಿಂದ ತಿಳಿಯಬಲ್ಲ ಪ್ರಶ್ನೆಯನ್ನು ಸಾಕ್ಷಿಯ ಮುಂದಿಟ್ಟು ಅವನು ಎಲ್ಲಿ ನಿಜ ಹೇಳುತ್ತಾನೆ, ಎಲ್ಲಿ ತಪ್ಪುತ್ತಾನೆ ಎಂದು ಅಳೆದದ್ದು. ಅಳೆದ ಮೇಲೆ ನ್ಯೂನಿಜನ ಸರದಿಯೂ ಒಂದಷ್ಟು ಕಾಣುತ್ತದೆ. ದೊಡ್ಡ ಸಂಖ್ಯೆ, ಇಸವಿ ಬಂದಲ್ಲಿ ಅವನನ್ನು ನಂಬುವಂತಿಲ್ಲ. ವಾರ, ಶಕುನ, ಕೋವಿ ಹಿಡಿದ ಪೋರ್ಚುಗೀಸರ ಜೊತೆ ಕ್ರಿಸ್ತೊವಾವೊ ಡಿ ಫಿಗೆರೆದೊ ಮುತ್ತಿಗೆಯಲ್ಲಿ ಪಾಲ್ಗೊಂಡ ಬಗೆ, ಗೋಡೆಯ ಕಲ್ಲು ಕೀಳಿಸಿದ ಬಗೆ, ಇಂಥ ಕಡೆ ಅವನ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಒಗಟಿನ ಸರದಿಗಾರ ಗಡಿಯಾರದ ಹಾಗೆ, ಮನುಷ್ಯರು ಹಾಗಿಲ್ಲ. ಅವರು ಲಾಭಕ್ಕೆ, ಭಯಕ್ಕೆ, ಮುಲಾಜಿಗೆ ಸುಳ್ಳು ಹೇಳುತ್ತಾರೆ. ಎಷ್ಟೋ ಸಲ ಅದು ಸುಳ್ಳೂ ಅಲ್ಲ, ಮರೆವು. ಸ್ಮುಲ್ಯನ್ನರ ದ್ವೀಪದ ಲೆಕ್ಕ ಇಲ್ಲಿ ಹೇಗೆ ನಡೆದೀತು? ನಡೆಯುತ್ತದೆ, ಗಡಿಯಾರದ ಜಾಗದಲ್ಲಿ ಹಿತಾಸಕ್ತಿಯನ್ನು ಇಟ್ಟರೆ. ಮನುಷ್ಯನ ಸುಳ್ಳಿಗೆ ಸರದಿ ಇಲ್ಲದಿದ್ದರೂ ಒಲವು ಇರುತ್ತದೆ. ಫೆರಿಸ್ತಾನನ್ನೇ ನೋಡಿ. ಬಿಜಾಪುರದ ಅನ್ನ ಉಂಡವನು ಬಿಜಾಪುರದ ಸೋಲನ್ನು ಮುಚ್ಚಿಡಬೇಕಿತ್ತು. ಮುಚ್ಚಿಡಲಿಲ್ಲ, ಸುಲ್ತಾನ ಕುಡಿದ ಅಮಲಿನಲ್ಲಿ ಕೃಷ್ಣಾ ನದಿ ದಾಟಲು ಹೊರಟು ಕೆಟ್ಟ ಎಂದು ಬರೆದ. ಸೋಲಾಯಿತು ಎಂಬ ಭಾಗ ಅವನ ಒಲವಿಗೆ ವಿರುದ್ಧ, ಆದ್ದರಿಂದ ಅದನ್ನು ಹೆಚ್ಚು ನಂಬಬೇಕು. ಸೋಲಿಗೆ ಎದುರಾಳಿಯ ಬಲಕ್ಕಿಂತ ಹೆಂಡವೇ ಕಾರಣ ಎಂಬ ಭಾಗ ಒಲವಿನ ಕಡೆಗೇ ವಾಲುತ್ತದೆ, ಅದನ್ನು ಕಡಿಮೆ ನಂಬಬೇಕು. ಒಂದೇ ವಾಕ್ಯದಲ್ಲಿ ಎರಡು ಬಗೆಯ ತೂಕ. ಫೆರಿಸ್ತಾ ನಂಬಿಕಸ್ಥನೋ ಅಲ್ಲವೋ ಎಂದು ಕೇಳುವವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇದೇ ಜಿಲ್ಲೆಯ ಮಸ್ಕಿಯ ಬಂಡೆ ಬೇರೊಂದು ರೀತಿಯ ಪುಷ್ಟಿ ಕೊಟ್ಟದ್ದು. 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್, ಶಾಸನಗಳ 'ದೇವಾನಾಂಪಿಯ ಪಿಯದಸಿ' ಸಿಂಹಳದ ರಾಜನಿರಬೇಕೆಂದು ಮೊದಲು ಎಣಿಸಿದ್ದರು. ಸಿಂಹಳದ ಬೌದ್ಧ ವೃತ್ತಾಂತಗಳನ್ನು ಓದಿದ್ದ ಜಾರ್ಜ್ ಟರ್ನರ್, ಅವನು ಅಶೋಕ ಎಂದು ತೋರಿಸಿದರು. ಆ ವೃತ್ತಾಂತಗಳ ತುಂಬ ಪವಾಡಗಳು, ಕಟ್ಟುಕಥೆಗಳು. ಆದರೂ ಈ ಒಂದು ವಿಷಯದಲ್ಲಿ ಅವು ಸರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೆತ್ತಿತ್ತು. ಪವಾಡ ಹೇಳಿದವರೆಂದು ಆ ಭಿಕ್ಷುಗಳ ಗ್ರಂಥಗಳನ್ನು ಇಡಿಯಾಗಿ ಬದಿಗೆ ಸರಿಸಿದ್ದರೆ, ಬಂಡೆ ಸಿಗುವವರೆಗಿನ 78 ವರ್ಷ ಅಶೋಕನ ಗುರುತು ತೇಲುತ್ತಲೇ ಇರುತ್ತಿತ್ತು.

ಹೀಗೆ ಪ್ರತಿ ಮಾತನ್ನೂ ತೂಗುತ್ತ ಕೂತರೆ ಬದುಕು ನಡೆದೀತೆ, ಎಲ್ಲರ ಮೇಲೂ ಸಂಶಯಪಡುವುದು ಒಂದು ರೋಗವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮಾನ್ವಿ ಮತ್ತು ದೇವದುರ್ಗ ಹರಿದಾಸರ ಸೀಮೆ. ತುಂಗಭದ್ರೆಯ ದಡದ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಮೂವರೂ ಹದಿನೆಂಟನೆಯ ಶತಮಾನದಲ್ಲಿ ಬಾಳಿದವರು, ಮಧ್ವಮತದವರು. ಅರಿವು ತನ್ನಷ್ಟಕ್ಕೇ ಪ್ರಮಾಣ, ಅದು ತಪ್ಪು ಎನ್ನುವುದಕ್ಕೆ ಮಾತ್ರ ಹೊರಗಿನ ಕಾರಣ ಬೇಕು ಎಂಬುದು ಆ ಮತದ ನಿಲುವು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅರಿವು ಸರಿ ಎನ್ನುವುದಕ್ಕೂ ತಪ್ಪು ಎನ್ನುವುದಕ್ಕೂ ಹೊರಗಿನ ಕಾರಣ ಬೇಕು ಎಂಬುದು ಅವರ ವಾದ. ಶತಮಾನಗಳ ಈ ಜಗಳದಲ್ಲಿ, ದಿನದ ಬಳಕೆಯ ಮಟ್ಟಿಗೆ ನಾನು ದಾಸರ ಪಕ್ಷ. ದಾರಿ ಕೇಳಿದಾಗ ಹೇಳಿದವನ ಮಾತನ್ನು ನಂಬಿ ಹೊರಡುವುದೇ ಸರಿ. ದೋಷದ ಸುಳಿವು ಸಿಕ್ಕಾಗ ತಕ್ಕಡಿ ಹೊರಬರಲಿ. ಮಾತನ್ನು ತೂಗುವುದೆಂದರೆ ಸಂಶಯದಿಂದ ಆರಂಭಿಸುವುದಲ್ಲ. ಸಂಶಯಕ್ಕೆ ಕಾರಣ ಬಂದಾಗ ಆ ಮಾತಿಗಷ್ಟೇ ಅದನ್ನು ಸೀಮಿತಗೊಳಿಸುವುದು.

ಇದೇ ದಾಸರ ಬಗ್ಗೆ ಪರಂಪರೆಯಲ್ಲಿ ನಡೆದುಬಂದ ಕಥೆಯೊಂದು ಒಗಟುಗಾರರನ್ನೂ ಪೇಚಿಗೆ ಸಿಕ್ಕಿಸುವಂಥದ್ದು. ಜಗನ್ನಾಥದಾಸರು ಆಗಿನ್ನೂ ಶ್ರೀನಿವಾಸಾಚಾರ್ಯರು, ಸಂಸ್ಕೃತದ ಪಂಡಿತರು, ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ಹೊಟ್ಟೆನೋವು ನಿಜವಾಗಿಯೇ ಬಂತು, ಹೋಗಲೊಲ್ಲದಾಯಿತು. ಕೊನೆಗೆ ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳಿಸಿದರು, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರು ಎನ್ನುತ್ತದೆ ಕಥೆ. ಭಕ್ತರಿಗೆ ಇದು ಅಹಂಕಾರ ಇಳಿದ ಕಥೆ. ತರ್ಕದ ಕಣ್ಣಿಗೆ ಇನ್ನೊಂದು ವಿಷಯವೂ ಕಾಣುತ್ತದೆ: 'ನನಗೆ ಹೊಟ್ಟೆನೋವು' ಎಂಬ ಅದೇ ಮಾತು, ಅದೇ ಬಾಯಿ, ಮೊದಲ ದಿನ ಸುಳ್ಳು, ಆಮೇಲೆ ನಿಜ. ಆಚಾರ್ಯರನ್ನು ಸುಳ್ಳುಗಾರರ ಪಟ್ಟಿಗೆ ಸೇರಿಸಿ ಮರೆತ ವೈದ್ಯ ನಿಜವಾದ ನೋವಿಗೆ ಮದ್ದು ಕೊಡುತ್ತಿರಲಿಲ್ಲ.

ನಮ್ಮ ಪರೀಕ್ಷೆಗಳು ಈ ಒಗಟನ್ನು ಅದರ ಅತಿ ಬಡ ರೂಪದಲ್ಲಿ ಬಳಸುತ್ತಿವೆ ಎಂಬುದು ನನ್ನ ದೂರು. ಎ ನಿಜಗಾರ, ಬಿ ಸುಳ್ಳುಗಾರ ಎಂದು ಆಳುಗಳಿಗೆ ಚೀಟಿ ಅಂಟಿಸಿದರೆ ಅಂಕ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಸುದ್ದಿಯನ್ನು ಅದನ್ನು ಕಳಿಸಿದವರ ಮುಖ ನೋಡಿ ನಂಬುವ, ಇಲ್ಲವೇ ಮುಖ ನೋಡಿಯೇ ತಳ್ಳುವ ಅಭ್ಯಾಸಕ್ಕೆ ಇದು ಒಳ್ಳೆಯ ತರಬೇತಿಯೇ ಸರಿ! ಸರದಿಗಾರನನ್ನು ಪ್ರಶ್ನೆಪತ್ರಿಕೆಗೆ ತರಲಿ. ಅದಕ್ಕಿಂತ ಒಳ್ಳೆಯದು, ತರ್ಕದ ಪತ್ರಿಕೆಯಿಂದ ಇತಿಹಾಸದ ಪತ್ರಿಕೆಗೆ ಅವನನ್ನು ಕರೆತರಲಿ. ರಾಯಚೂರು, ಮಾನ್ವಿ, ದೇವದುರ್ಗದ ಪದವಿಪೂರ್ವ ಕಾಲೇಜುಗಳ ಇತಿಹಾಸ ಅಧ್ಯಾಪಕರು ಒಂದು ಕೆಲಸ ಮಾಡಬಹುದು: ನ್ಯೂನಿಜ್ ಹೇಳಿದ್ದು, ಫೆರಿಸ್ತಾ ಹೇಳಿದ್ದು, 1520 ಮತ್ತು 1522ರ ಮೇ ತಿಂಗಳ ಅಮಾವಾಸ್ಯೆಗಳು, ಸಿಕ್ವೇರಾ ಗವರ್ನರನಾಗಿದ್ದ ವರ್ಷಗಳು, ಇವಿಷ್ಟನ್ನು ಒಂದು ಹಾಳೆಯಲ್ಲಿ ಕೊಟ್ಟು, ಯುದ್ಧ ನಡೆದ ದಿನ ಯಾವುದು, ಏಕೆ ಎಂದು ಕೇಳಬಹುದು. ಇಸವಿ ತಪ್ಪಾಗಿ ಬರೆದವರಿಗೂ, ಕಾರಣಗಳನ್ನು ಸರಿಯಾಗಿ ತೂಗಿದ್ದರೆ, ಅರ್ಧಕ್ಕಿಂತ ಹೆಚ್ಚು ಅಂಕ ಕೊಡಲಿ.